ವರ್ಗ ಕೋರಿ

ಹರಿಣಿ ಮಾಡಿದ ತಪ್ಪು ಒಂದೇ. ಅರ್ಜಿಯನ್ನು ಅಚ್ಚ ಕನ್ನಡದಲ್ಲಿ ಬರೆದಳು.

ಅದಕ್ಕೂ ಮೊದಲು ಇಂಗ್ಲಿಷ್ ಪದ ಹಾಕಿ ಬರೆದು ಕೈ ಸುಟ್ಟುಕೊಂಡಿದ್ದಳು ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಅವಳು ಗಣಿತದಲ್ಲಿ ಪಿಎಚ್.ಡಿ. ಮಾಡಿದವಳು. ವಿಷಯ, ಕೆಟಗರಿ ಥಿಯರಿ. ಗಿರಿಸೀಮೆ ವಿದ್ಯಾಸಂಘದವರ ಗೌರಿಬಿದನೂರು ಕಾಲೇಜಿಗೆ ಸೇರಿದ ಹೊಸದರಲ್ಲಿ ಒಂದು ವಿಚಾರ ಸಂಕಿರಣಕ್ಕೆ ಹೋಗಲು ಎರಡು ದಿನ ರಜೆ ಕೇಳಿ, 'ಕೆಟಗರಿ ಥಿಯರಿ ಸಂಬಂಧ' ಎಂದು ಕಾರಣ ಬರೆದಿದ್ದಳು. ನಾಲ್ಕನೆಯ ದಿನ ಸಂಘದ ಕಚೇರಿಯಿಂದ ಉತ್ತರ ಬಂತು. ಜಾತಿ ಪ್ರಮಾಣಪತ್ರದ ದೃಢೀಕೃತ ಪ್ರತಿ ಲಗತ್ತಿಸತಕ್ಕದ್ದು.

ಸ್ಟಾಫ್ ರೂಮಿನಲ್ಲಿ ಅದು ವಾರಗಟ್ಟಲೆ ನಗೆಯ ಸರಕಾಯಿತು. "ಮೇಡಂ ಕೆಟಗರೀಲಿ ಪಿಎಚ್.ಡಿ. ಅಲ್ಲ, ಕೆಟಗರಿಯಿಂದ್ಲೇ ಪಿಎಚ್.ಡಿ.!" ಎಂದು ಒಬ್ಬರು ಅಂದರು, ಉಳಿದವರು ಕಾಫಿ ಲೋಟ ಅಡ್ಡ ಹಿಡಿದು ನಕ್ಕರು. ನಗರಗೆರೆಯ ಕೋನಪ್ಪನ ಮಗಳಿಗೆ, ನಡುಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡು ಬೆಳೆದವಳಿಗೆ, ಆ ನಗೆ ಎಲ್ಲಿ ಚುಚ್ಚುತ್ತದೆಂದು ನಕ್ಕವರಿಗೂ ಚೆನ್ನಾಗಿ ಗೊತ್ತಿತ್ತು. ಅಂದಿನಿಂದ ಅವಳು ಆ ಪದವನ್ನು ಸಂಘದ ಕಾಗದದ ಮೇಲೆ ಬರೆಯಲಿಲ್ಲ. ಯಾವ ರಜೆಯನ್ನೂ ಕೇಳಲಿಲ್ಲ.

ಹೀಗೆ ಹದಿನಾರು ವರ್ಷ ಕಳೆಯಿತು. ಗಂಡ ಅಂಬರೀಶನಿಗೆ ಚಿಕ್ಕಬಳ್ಳಾಪುರದ ಅಂಚೆ ಕಚೇರಿಯಲ್ಲಿ ಕೆಲಸ, ಮನೆಯೂ ಅಲ್ಲೇ. ಬೆಳಿಗ್ಗೆ ಏಳೂಕಾಲಿನ ಬಸ್ಸು ಹತ್ತಿ, ಮಂಚೇನಹಳ್ಳಿ ದಾಟಿ, ಗೌರಿಬಿದನೂರಿನಲ್ಲಿ ಇಳಿದು, ಸಂಜೆ ಅದೇ ದಾರಿಯಲ್ಲಿ ವಾಪಸು. ಬಸ್ಸಿಗೆ ಕಾಯುವುದೂ ಸೇರಿದರೆ ದಿನಕ್ಕೆ ಮೂರೂವರೆ ತಾಸು. ಅವಳ ಗಣಿತವೆಲ್ಲ ನಡೆದದ್ದು ಆ ಬಸ್ಸಿನಲ್ಲೇ, ಮಿಕ್ಕುಳಿದ ಹಾಜರಿ ಹಾಳೆಗಳ ಬೆನ್ನ ಮೇಲೆ. ರಸ್ತೆ ಕೆಟ್ಟಿರುವ ಕಡೆಯೆಲ್ಲ ಅವಳ ಬರವಣಿಗೆಯೂ ಕೆಟ್ಟಿರುತ್ತಿತ್ತು.

ಆ ಗಣಿತವಾದರೂ ಏನು ಎಂದು ಕೇಳಿದವರು ಕಡಿಮೆ. ಕೇಳಿದವರಿಗೆ ಅವಳು ಹೀಗೆ ಹೇಳುತ್ತಿದ್ದಳು: ಒಂದು ವಸ್ತುವಿನ ಒಳಗೆ ಏನಿದೆ ಎಂದು ಇಣುಕಲು ಹೋಗಬಾರದು. ಅದರಿಂದ ಯಾವ ಯಾವ ವಸ್ತುವಿಗೆ ಬಾಣ ಹೋಗುತ್ತದೆ, ಎಲ್ಲೆಲ್ಲಿಂದ ಅದಕ್ಕೆ ಬಾಣ ಬರುತ್ತದೆ, ಅಷ್ಟನ್ನು ನೋಡಿದರೆ ಅದು ಏನೆಂದು ತಿಳಿಯುತ್ತದೆ. ಮನುಷ್ಯರನ್ನು ನೋಡುವುದಕ್ಕೂ ಇದು ಕೆಟ್ಟ ಕ್ರಮವೇನಲ್ಲ, ನಮ್ಮ ಸ್ಟಾಫ್ ರೂಮುಗಳಿಗೆ ಅದು ಇನ್ನೂ ತಲುಪಿಲ್ಲ ಅಷ್ಟೆ. ಒಂದು ಬಾಣ ಮುಟ್ಟಿದ ಕಡೆಯಿಂದ ಇನ್ನೊಂದು ಹೊರಟರೆ ಎರಡನ್ನೂ ಸೇರಿಸಿ ಒಂದೇ ಬಾಣ ಎನ್ನಬಹುದು. ಚಿಕ್ಕಬಳ್ಳಾಪುರದಿಂದ ನೇರ ಬಸ್ಸಿನಲ್ಲಿ ಚಿಂತಾಮಣಿಗೆ ಹೋದರೂ ಒಂದೇ, ಶಿಡ್ಲಘಟ್ಟದಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಹೋದರೂ ಒಂದೇ, ತಲುಪಿದ್ದು ಚಿಂತಾಮಣಿ. ಹರಿಣಿಯ ಕೆಲಸ ಶುರುವಾಗುವುದು ಇಲ್ಲಿಂದ. ತಲುಪಿದ ಊರು ಒಂದೇ ಆದರೂ ಹೋದ ದಾರಿ ಬೇರೆಯಲ್ಲವೆ? ಹಾಗಾದರೆ ಒಂದು ದಾರಿಗೂ ಇನ್ನೊಂದು ದಾರಿಗೂ ನಡುವೆ ಏನಿದೆ? ಒಂಬತ್ತು ವರ್ಷದಿಂದ ಅವಳು ಅದರ ಮೇಲೆ ಒಂದೇ ಒಂದು ಪ್ರಬಂಧ ಬರೆಯುತ್ತಿದ್ದಳು.

ಕೊನೆಗೂ ಬರೆದು ಮುಗಿಸಿ ವಿದೇಶದ ಒಂದು ಪತ್ರಿಕೆಗೆ ಕಳಿಸಿದ್ದಳು. ಏಪ್ರಿಲ್‌ನಲ್ಲಿ ಉತ್ತರ ಬಂತು. ಓದಿದ ತಜ್ಞರು ಹೊಗಳಿದ್ದರು, ಹೊಗಳಿ ಆದಮೇಲೆ ನಾಲ್ಕನೆಯ ಭಾಗಕ್ಕೆ ಬೆರಳಿಟ್ಟಿದ್ದರು. ಅಲ್ಲಿ ಎರಡು ದಾರಿಗಳನ್ನು ಸಾಧಿಸಿ ತೋರಿಸದೆ ಒಂದೇ ಎಂದು ಹೇಳಿಬಿಟ್ಟಿದ್ದೀರಿ, ನಾಲ್ಕು ತಿಂಗಳೊಳಗೆ ಸರಿಪಡಿಸಿ. ಹರಿಣಿಗೆ ನಾಚಿಕೆಯಾಯಿತು. ಯಾವ ಮಾತನ್ನು ಪ್ರಶ್ನಿಸಲು ಹೊರಟಿದ್ದಳೋ ಅದೇ ಮಾತನ್ನು ಬಸ್ಸಿನ ಸುಸ್ತಿನಲ್ಲಿ ತಾನೇ ನಂಬಿ ಮುಂದೆ ಹೋಗಿದ್ದಳು. ಈಗ ನಲವತ್ತನಾಲ್ಕು ವರ್ಷ. ಮಂಚೇನಹಳ್ಳಿಯಲ್ಲಿ ಹಿಡಿದ ಎಳೆ ಗೌರಿಬಿದನೂರಿನಲ್ಲಿ ಇಳಿಯುವಷ್ಟರಲ್ಲಿ ಕೈತಪ್ಪಿ ಹೋಗುತ್ತಿತ್ತು. ಬಸ್ಸಿಲ್ಲದ ಆರು ವಾರ ಸಿಕ್ಕರೆ ಇದನ್ನು ಸರಿಮಾಡಬಲ್ಲೆ ಎಂದು ಅವಳಿಗೆ ಅನಿಸಿತು. ಸಿಗದಿದ್ದರೆ ಈ ಜನ್ಮಕ್ಕೆ ಇಷ್ಟೇ ಎಂದೂ ಅನಿಸಿತು.

ಆದ್ದರಿಂದ ಹದಿನಾರು ವರ್ಷದ ಮೇಲೆ ಎರಡನೆಯ ಅರ್ಜಿ ಬರೆದಳು. ಕೆಟಗರಿ ಎನ್ನುವ ಪದದ ಸಹವಾಸವೇ ಬೇಡವೆಂದು, ಕನ್ನಡ ಗಣಿತದ ಪದಕೋಶ ನೋಡಿ, 'ವರ್ಗ' ಎಂದು ಬರೆದಳು. ವಿಷಯ: ವರ್ಗದ ಕೆಲಸಕ್ಕಾಗಿ ಅನುಕೂಲ ಕೋರಿ. 'ಮಾನ್ಯರೇ, ನಾನು ಒಂಬತ್ತು ವರ್ಷಗಳಿಂದ ವರ್ಗಕ್ಕಾಗಿ ಶ್ರಮಿಸುತ್ತಿದ್ದು, ದಿನನಿತ್ಯದ ಪ್ರಯಾಣದಿಂದ ಅದಕ್ಕೆ ಅಡ್ಡಿಯಾಗುತ್ತಿದೆ. ದಯಮಾಡಿ ಆರು ವಾರಗಳ ಅವಕಾಶ ನೀಡಿ ಉಪಕರಿಸಬೇಕು.' ಅಂಬರೀಶನಿಗೂ ತೋರಿಸಿದಳು. ದಿನವೆಲ್ಲ ಬೇರೆಯವರ ವಿಳಾಸ ಓದಿ ಬಂದವನು ಅದನ್ನೂ ಓದಿ, ಕಾಗುಣಿತ ಸರಿಯಾಗಿದೆ ಎಂದ.

ಮೇ ತಿಂಗಳ ಕೊನೆಯಲ್ಲಿ ಸಂಘದ ಕಚೇರಿಯ ಸೂಪರಿಂಟೆಂಡೆಂಟ್ ಚನ್ನಕೇಶವಯ್ಯ ಖುದ್ದಾಗಿ ಫೋನ್ ಮಾಡಿದರು.

"ಮೇಡಂ, ನಿಮ್ಮ ಕೆಲಸ ಆಗೋಯ್ತು. ಚಿಕ್ಕಬಳ್ಳಾಪುರಕ್ಕೇ ಹಾಕ್ಸಿದ್ದೀನಿ."

"ಏನು ಸಾರ್ ಹಾಕ್ಸಿರೋದು?"

"ವರ್ಗ! ಒಂಬತ್ತು ವರ್ಷದಿಂದ ವರ್ಗಕ್ಕೆ ಒದ್ದಾಡ್ತಾ ಇದ್ದೀರಿ, ಬಾಯಿಬಿಟ್ಟು ಒಂದು ಮಾತು ಹೇಳಬಾರ್ದಾ? ಅರ್ಜಿ ಓದಿ ನನ್ನ ಹೊಟ್ಟೆ ಚುರುಕ್ ಅಂತು. ಆರು ವಾರ ಅಂದಿದ್ರಿ, ನಾನು ಮೂರೇ ವಾರದಲ್ಲಿ ಮಾಡಿಸ್ದೆ."

ಹರಿಣಿ ಫೋನ್ ಇಟ್ಟು ಅರ್ಜಿಯ ಪ್ರತಿ ತೆಗೆದು ನೋಡಿದಳು. ವರ್ಗ ಎಂದರೆ ಟ್ರಾನ್ಸ್‌ಫರ್ ಎಂದು ಮೂರನೆಯ ಕ್ಲಾಸಿನ ಮಗುವಿಗೂ ಗೊತ್ತು, ಮೇಷ್ಟ್ರುಗಳ ಮಕ್ಕಳಿಗಂತೂ ಹುಟ್ಟುವಾಗಲೇ ಗೊತ್ತಿರುತ್ತದೆ. ಪಿಎಚ್.ಡಿ. ಮಾಡಿದವಳಿಗೆ ಹೊಳೆಯಲಿಲ್ಲ. ಮೊದಲು ನಗು ಬಂತು. ಆಮೇಲೆ ಚಿಕ್ಕಬಳ್ಳಾಪುರದ ಕಾಲೇಜು ಮನೆಯಿಂದ ಹತ್ತು ನಿಮಿಷದ ನಡಿಗೆ ಎನ್ನುವುದು ನೆನಪಾಗಿ ಅಳು ಬಂತು. ದಿನಕ್ಕೆ ಮೂರೂವರೆ ತಾಸು! ಆರು ವಾರವಲ್ಲ, ನಿವೃತ್ತಿಯಾಗುವವರೆಗೂ ದಿನಾ ಮೂರೂವರೆ ತಾಸು. ಅವಳಿಗೆ ಅಷ್ಟು ಸಂತೋಷವಾಗಿ ಎಷ್ಟೋ ಕಾಲವಾಗಿತ್ತು.

"ತಪ್ಪಾಗಿ ಆಗಿರೋದು ಕಣ್ರೀ. ಹೋಗಿ ಹೇಳ್ಬೇಕಲ್ವಾ?" ಎಂದು ಸಂಜೆ ಗಂಡನನ್ನು ಕೇಳಿದಳು.

"ಹುಚ್ಚಾ ನಿಂಗೆ? ಕೇಳದೆ ಮನೆ ಬಾಗ್ಲಿಗೆ ಬಂದಿದ್ದು. ಬಾಯಿ ಮುಚ್ಕೊಂಡು ಹೋಗಿ ಜಾಯಿನ್ ಆಗು" ಎಂದ ಅಂಬರೀಶ. ಅವಳಿಗೂ ಅದೇ ಮಾತು ಕಿವಿಗೆ ಬೀಳಬೇಕಿತ್ತು.

ಜೂನ್ ಮೊದಲ ಸೋಮವಾರ ನಡೆದುಕೊಂಡೇ ಕಾಲೇಜಿಗೆ ಹೋದಳು. ಗಣಿತ ವಿಭಾಗದ ಕೋಣೆಯಲ್ಲಿ ಒಬ್ಬ ಹೆಂಗಸು ಬೀರು ಖಾಲಿ ಮಾಡುತ್ತಿದ್ದಳು. ಬೆನ್ನು ನೋಡಿದೊಡನೆಯೇ ಹರಿಣಿಗೆ ಗುರುತು ಸಿಕ್ಕಿತು. ಕವಿತ. ಗೌರಿಬಿದನೂರಿನಲ್ಲಿ ಅವಳ ಮೊದಲ ಬ್ಯಾಚಿನ ವಿದ್ಯಾರ್ಥಿನಿ. ಬಾಣಗಳ ಗಣಿತವನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಗೊತ್ತಿದ್ದೂ ಕೂತು ಕೇಳಿದ ಒಬ್ಬಳೇ ಹುಡುಗಿ. ಎಂ.ಎಸ್ಸಿ. ಮಾಡಿದಳು, ಪಕ್ಕದ ಕಳವಾರಕ್ಕೆ ಮದುವೆಯಾಗಿ ಬಂದಳು, ಎಂಟು ವರ್ಷದಿಂದ ಇಲ್ಲಿ ಪಾರ್ಟ್ ಟೈಮ್ ಪಾಠ ಮಾಡುತ್ತಿದ್ದಾಳೆ ಎಂದು ಹರಿಣಿಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಸಂತೋಷದಲ್ಲಿ ನೆನಪಿಗೆ ಬಂದಿರಲಿಲ್ಲ, ಅಥವಾ ಅವಳೇ ಬರಗೊಡಲಿಲ್ಲ. ಕಾಯಂ ಆದವರು ಬಂದು ಕೂತರೆ ಪಾರ್ಟ್ ಟೈಮಿನವರು ಎದ್ದು ಹೋಗಬೇಕು. ಅದು ಎಲ್ಲ ಕಾಲೇಜುಗಳ ನಿಯಮ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಇದು ಬೀರು ಕೀ. ಎರಡನೇ ವರ್ಷದ ನೋಟ್ಸ್ ಇಲ್ಲಿಟ್ಟಿದ್ದೀನಿ, ಬೇಕಾಗ್ಬೋದು" ಎಂದಳು ಕವಿತ. ಮುಖದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಹರಿಣಿಗೆ ಎಷ್ಟೋ ಹಗುರವಾಗುತ್ತಿತ್ತು.

"ಕವಿತ, ನನಗೆ ಗೊತ್ತಿರಲಿಲ್ಲ ಕಣಮ್ಮ..."

"ಇರ್ಲಿ ಬಿಡಿ ಮೇಡಂ. ಒಂಬತ್ತು ವರ್ಷದಿಂದ ಕೇಳ್ತಾ ಇದ್ರಂತೆ, ಚನ್ನಕೇಶವಯ್ಯ ಹೇಳಿದ್ರು. ನಿಮಗೂ ಸಾಕಾಗಿರುತ್ತೆ. ಬೇರೆ ಯಾರಾದ್ರೂ ಆಗಿದ್ರೆ ಬೈಕೋತಿದ್ದೆ. ನೀವು ಅಂತ ಬೈಯೋಕೂ ಆಗ್ಲಿಲ್ಲ."

ಹರಿಣಿ ಕೀ ತೆಗೆದುಕೊಳ್ಳಲಿಲ್ಲ. ಬಂದ ದಾರಿಯಲ್ಲೇ ಹೊರಗೆ ನಡೆದು, ಆಟೋ ಹಿಡಿದು, ಊರ ಇನ್ನೊಂದು ತುದಿಯಲ್ಲಿದ್ದ ಸಂಘದ ಕಚೇರಿಗೆ ಹೋದಳು.

ಚನ್ನಕೇಶವಯ್ಯ ಕೆಟ್ಟವರಲ್ಲ. ಮೂವತ್ತು ವರ್ಷ ಕಡತಗಳ ನಡುವೆ ಕೂತು, ಎಲ್ಲ ಕಾಗದವನ್ನೂ ಮೇಲಿನ ಎರಡು ಸಾಲು ಓದಿಯೇ ತೀರ್ಮಾನ ಮಾಡುವ ಅಭ್ಯಾಸ ಬೆಳೆಸಿಕೊಂಡಿದ್ದರು, ಅಷ್ಟೆ. ಹರಿಣಿ ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದ್ರೆ ನೀವು ಕೇಳಿದ್ದು ವರ್ಗ ಅಲ್ಲ."

"ವರ್ಗಾನೇ ಸಾರ್. ಬೇರೆ ವರ್ಗ."

"ಅಯ್ಯೋ ರಾಮಾ! ಅದೇನೋ ಗಣಿತ, ಇಂಗ್ಲಿಷಲ್ಲೇ ಬರೀಬಾರ್ದಿತ್ತೇನಮ್ಮಾ?"

ಇಂಗ್ಲಿಷಲ್ಲಿ ಬರೆದಾಗ ಏನಾಯಿತೆಂದು ಅವಳು ಅವರಿಗೆ ನೆನಪಿಸಲಿಲ್ಲ. ಆ ಉತ್ತರಕ್ಕೆ ಸಹಿ ಹಾಕಿದವರೂ ಇವರೇ. ನೆನಪಿಸುವುದಕ್ಕೂ ತ್ರಾಣ ಬೇಕು.

"ಆರ್ಡರ್ ಕ್ಯಾನ್ಸಲ್ ಮಾಡಿ ಸಾರ್. ನಾನು ಗೌರಿಬಿದನೂರಿಗೇ ಹೋಗ್ತೀನಿ. ಆ ಹುಡುಗಿ ಇಲ್ಲೇ ಇರಲಿ" ಎಂದಳು. ಹೇಳುವಾಗಲೇ ಏಳೂಕಾಲಿನ ಬಸ್ಸು ಕಣ್ಣಿಗೆ ಕಟ್ಟಿತು.

ಚನ್ನಕೇಶವಯ್ಯ ಒಂದು ಹಾಳೆ ಎಳೆದುಕೊಂಡು ನಾಲ್ಕು ಊರುಗಳ ಹೆಸರು ಬರೆದರು. ಶಿಡ್ಲಘಟ್ಟದಲ್ಲಿ ಮಕ್ಕಳು ಸೇರದೆ ಈ ವರ್ಷ ಗಣಿತ ವಿಭಾಗ ಮುಚ್ಚಿತು. ಅಲ್ಲಿದ್ದ ಗಂಗರಾಜು ಕಾಯಂ ನೌಕರ, ಅವನಿಗೆ ಎಲ್ಲಾದರೂ ಜಾಗ ಕೊಡಲೇಬೇಕು. ಅವನ ಮನೆ ಚಿಂತಾಮಣಿಯಲ್ಲಿ, ಅಲ್ಲಿಗೇ ಹಾಕಿದ್ದಾಯಿತು. ಚಿಂತಾಮಣಿಯ ವೆಂಕಟರವಣಪ್ಪನವರಿಗೆ ವಿದುರಾಶ್ವತ್ಥದ ಹತ್ತಿರ ಜಮೀನು, ಅವರನ್ನು ಗೌರಿಬಿದನೂರಿಗೆ ಹಾಕಿದ್ದಾಯಿತು. ಗೌರಿಬಿದನೂರಿನ ಹರಿಣಿ ಇಲ್ಲಿಗೆ. ಒಂದೊಂದು ಊರಿನಿಂದ ಇನ್ನೊಂದಕ್ಕೆ ಗೆರೆ ಎಳೆದು, ತುದಿಗೆ ಮೊನೆ ಹಾಕಿದರು. ಅವರ ಕೈಯಲ್ಲಿ ಬಾಣ ಸೊಗಸಾಗಿ ಬರುತ್ತಿತ್ತು.

"ನಿಮ್ಮ ಅರ್ಜಿ ಬಂದಿದ್ದಕ್ಕೆ ಮೂರೂ ಜನಕ್ಕೆ ಅವರವರ ಊರು ಸಿಕ್ತು. ಈಗ ನೀವು ಬರಲ್ಲ ಅಂದ್ರೆ ವೆಂಕಟರವಣಪ್ಪ ಚಿಂತಾಮಣಿ ಬಿಡಂಗಿಲ್ಲ, ಗಂಗರಾಜುಗೆ ಅಲ್ಲಿ ಜಾಗ ಇಲ್ಲ. ಅವನನ್ನ ಎಲ್ಲಿ ಕೂರಿಸ್ಲಿ? ನಾಲ್ಕು ಕಾಲೇಜಲ್ಲಿ ಕಾಯಂ ಇಲ್ಲದ ಕುರ್ಚಿ ಒಂದೇ. ಇಲ್ಲಿದು." ಶಿಡ್ಲಘಟ್ಟದಿಂದ ನೇರವಾಗಿ ಚಿಕ್ಕಬಳ್ಳಾಪುರಕ್ಕೆ ನಾಲ್ಕನೆಯ ಬಾಣ ಎಳೆದರು. "ನೀವು ಬಂದ್ರೂ ಆ ಹುಡುಗಿ ಹೋಗ್ಬೇಕು, ಬರ್ದಿದ್ರೂ ಹೋಗ್ಬೇಕು. ಎರಡೂ ಒಂದೇ ಅಲ್ವೇನಮ್ಮಾ? ಎಂದುಕಮ್ಮಾ, ಯಾಕೆ ಸುಮ್ನೆ ಬಸ್ಸಲ್ಲಿ ಸಾಯ್ತೀರಿ?"

ಮೂರು ಬಾಣ ಸುತ್ತಿ ಬಂದರೂ, ಒಂದೇ ಬಾಣ ನೇರವಾಗಿ ಬಂದರೂ, ತುದಿಯಲ್ಲಿ ಕವಿತ ಇಲ್ಲ. ಮೇಷ್ಟ್ರಾಗಿ ಹರಿಣಿ ಎಷ್ಟು ಸಲ ಬೋರ್ಡಿನ ಮೇಲೆ ಇಂಥ ಚಿತ್ರ ಬರೆದು 'ಆದ್ದರಿಂದ ಎರಡೂ ದಾರಿ ಸಮ' ಎಂದಿದ್ದಳೋ ಲೆಕ್ಕವಿಲ್ಲ. ಚನ್ನಕೇಶವಯ್ಯನ ವಾದದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಸುಮ್ಮನೆ ಎದ್ದು ಹೋಗಿ ಮೂರೂವರೆ ತಾಸನ್ನು ಅನುಭವಿಸಬಹುದಿತ್ತು. ಆದರೆ ಅವಳ ಒಂಬತ್ತು ವರ್ಷದ ಗಣಿತ ಇದೊಂದು ಮಾತಿಗೇ ಅಡ್ಡ ನಿಂತಿತ್ತಲ್ಲ! ಒಂದು ದಾರಿಯಲ್ಲಿ ಕವಿತಳನ್ನು ಎಬ್ಬಿಸುವುದು ಸಂಘ. ಇನ್ನೊಂದು ದಾರಿಯಲ್ಲಿ ಹರಿಣಿ. ಅದು ಒಂದೇ ಎಂದು ಅವಳಿಗೆ ಹೇಳಲಾಗಲಿಲ್ಲ. ಬೇರೆ ಎಂದು ಹೇಳಿದರೂ ಕವಿತಳ ಹೊಟ್ಟೆ ತುಂಬುವುದಿಲ್ಲ. ಹರಿಣಿಗೆ ತನ್ನ ಮೇಲೆ, ಸಂಘದ ಮೇಲೆ, ಕನ್ನಡ ಪದಕೋಶದ ಮೇಲೆ ಒಟ್ಟಿಗೇ ಸಿಟ್ಟು ಬಂತು.

ಆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ನೋಡುತ್ತ ಕೂತಳು. ಫ್ಯಾನು ಕಿರ್ರೆನ್ನುತ್ತ ತಿರುಗುತ್ತಿತ್ತು. ಕಾಫಿ ಬಂತು, ಆರಿತು. ಕೊನೆಗೆ ಕೇಳಿದಳು, "ಸಾರ್, ನಾನು ಇಲ್ಲಿಗೆ ಬಂದು ಜಾಯಿನ್ ಆಗಿ, ಮಾರನೇ ದಿನದಿಂದ ರಜ ಹಾಕಿದ್ರೆ ನನ್ನ ಪಾಠ ಯಾರು ಮಾಡ್ತಾರೆ?"

"ಯಾರಾದ್ರೂ ಬದಲಿ."

"ಯಾರು ಬದಲಿ?"

ಚನ್ನಕೇಶವಯ್ಯ ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದರು. "ಎಷ್ಟು ದಿನ ಹಾಕ್ತೀರಿ?"

"ಎಷ್ಟು ಕೊಡ್ತೀರಿ?"

"ಸಂಬಳ ಇಲ್ದಿದ್ರೆ ಒಂದು ವರ್ಷ. ಅದಕ್ಕಿಂತ ಮೇಲೆ ನನ್ನ ಕೈಲಿಲ್ಲ."

ಅಂಬರೀಶನಿಗೆ ಏನು ಹೇಳುವುದು? ಅರ್ಧಕ್ಕೆ ನಿಂತಿರುವ ಮಹಡಿಯ ಕೋಣೆಗೆ, ಒಬ್ಬರ ಸಂಬಳದಲ್ಲಿ, ಬಾಗಿಲು ಈ ವರ್ಷವೂ ಬರುವುದಿಲ್ಲ. ಅಷ್ಟು ಯೋಚಿಸಿ, ಫಾರಂ ಕೊಡಿ ಎಂದಳು.

ಫಾರಮ್ಮಿನಲ್ಲಿ 'ಕಾರಣ' ಎನ್ನುವ ಕಡೆ ಎರಡು ಬೆರಳಿನಷ್ಟು ಜಾಗವಿತ್ತು. 'ಗಣಿತ ಸಂಶೋಧನೆ' ಎಂದು ಬರೆಯಲು ಹೊರಟವಳನ್ನು ಚನ್ನಕೇಶವಯ್ಯ ತಡೆದರು. ಸಂಶೋಧನೆ ಎಂದರೆ ಉಪಸಮಿತಿಗೆ ಹೋಗುತ್ತದೆ, ಉಪಸಮಿತಿ ಸೇರುವುದು ಡಿಸೆಂಬರಿಗೆ, ಅದುವರೆಗೆ ಬದಲಿಯೂ ಇಲ್ಲ, ಮಣ್ಣೂ ಇಲ್ಲ. ಸ್ವಂತದ ಕಾರಣ ಬರೆಯಿರಿ, ನಾನೇ ಸಹಿ ಹಾಕುತ್ತೇನೆ ಎಂದರು. ಕೆಟಗರಿ ಎಂದು ಬರೆಯುವಂತಿಲ್ಲ. ವರ್ಗವಂತೂ ಬೇಡವೇ ಬೇಡ. ಮಕ್ಕಳಿಲ್ಲ, ಬಾಣಂತನ ಎನ್ನಲಾಗದು. ಅತ್ತೆ ಗಟ್ಟಿಮುಟ್ಟಾಗಿ ಇದ್ದಾರೆ. ಹರಿಣಿ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ ಒಂದು ಸುಳ್ಳು ಹುಡುಕಿದಳು. 'ಆಯಾಸ' ಎಂದು ಬರೆದಳು.

ಚನ್ನಕೇಶವಯ್ಯ ಓದಿದರು. ಅವರ ಮುಖ ಅರಳಿತು.

"ಇದು ನೋಡಿ, ಎಷ್ಟು ಸ್ಪಷ್ಟವಾಗಿದೆ. ಮೊದಲೇ ಹಿಂಗೆ ಬರೆದಿದ್ರೆ ಇಷ್ಟು ರಾಮಾಯಣ ಆಗ್ತಿರ್ಲಿಲ್ಲ."

ಹದಿನಾರು ವರ್ಷದ ಸೇವೆಯಲ್ಲಿ ಸಂಘಕ್ಕೆ ಅವಳ ಒಂದು ಮಾತು ಅರ್ಥವಾದದ್ದು ಅದೇ ಮೊದಲು. ಗಣಿತದ ಹೆಸರು ಅವಳ ಕಡತದಲ್ಲಿ ಎಲ್ಲಿಯೂ ದಾಖಲಾಗಲಿಲ್ಲ.

ಕಾಲೇಜಿಗೆ ಮರಳಿ ಬಂದಾಗ ಕವಿತ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಸ್ಕೂಟಿಯ ಮುಂದೆ ಇಟ್ಟುಕೊಳ್ಳುತ್ತಿದ್ದಳು. ಹರಿಣಿ ಎಲ್ಲವನ್ನೂ ಹೇಳಿದಳು, ಒಂದು ವರ್ಷ ತನ್ನ ಬದಲಿ ಕವಿತಳೇ ಎನ್ನುವುದನ್ನೂ, ವರ್ಗದ ಕಥೆಯನ್ನೂ ಸೇರಿಸಿ. ಕವಿತ ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಸ್ಕೂಟಿಯ ಸೀಟು ಹಿಡಿದುಕೊಂಡು ಅತ್ತಳು.

"ಒಂದು ವರ್ಷ ಆದ್ಮೇಲೆ ಮೇಡಂ?"

"ಗೊತ್ತಿಲ್ಲ ಕಣಮ್ಮ. ಅಲ್ಲೀವರೆಗೆ ಬೇರೆ ಕಡೆ ಅರ್ಜಿ ಹಾಕ್ತಾ ಇರು. ನಾನೂ ಕೇಳ್ತೀನಿ."

"ಸಂಬಳ ಬಿಟ್ಟು ಏನ್ ಮಾಡ್ತೀರಿ ಮನೇಲಿ?"

"ನಾಲ್ಕನೇ ಭಾಗ" ಎಂದಳು ಹರಿಣಿ. ಕವಿತಳಿಗೆ ಅದೇನೆಂದು ವಿವರಿಸಿ ಹೇಳಬೇಕಾಗಲಿಲ್ಲ. ಅವಳು ಚೀಲವನ್ನು ಇಳಿಸಿಕೊಂಡು ಒಳಗೆ ಹೋದಳು.

ಅಂಬರೀಶ ಅಂದು ರಾತ್ರಿ ಮಾತಾಡಲಿಲ್ಲ. ಮರುದಿನವೂ ಮಾತಾಡಲಿಲ್ಲ. ಮೂರನೆಯ ದಿನ ಸಂಜೆ ಒಂದು ಕಟ್ಟು ಬಿಳಿ ಹಾಳೆ ತಂದು ಮೇಜಿನ ಮೇಲೆ ಕುಕ್ಕಿ, "ಇನ್ನು ಹಾಜರಿ ಹಾಳೆ ಸಿಗಲ್ವಲ್ಲ" ಎಂದ. ಜಗಳ ಅಲ್ಲಿಗೆ ಮುಗಿಯಿತು.

ಗುರುವಾರ ಬೆಳಿಗ್ಗೆ ಅವನು ಕೆಲಸಕ್ಕೆ ಹೋದಮೇಲೆ ಹರಿಣಿ ಬಾಗಿಲು ಹಾಕಿಕೊಂಡು ಕೂತಳು. ಮೇಜು ಅಲುಗಾಡುತ್ತಿರಲಿಲ್ಲ. ಯಾರೂ ಪಕ್ಕದಲ್ಲಿ ಒತ್ತರಿಸುತ್ತಿರಲಿಲ್ಲ. ನಾಲ್ಕನೆಯ ಭಾಗವನ್ನು ಬಿಡಿಸಿ, ಬಿಳಿ ಹಾಳೆಯ ಮೇಲೆ ಮೊದಲ ಬಾಣ ಎಳೆದಳು. ಎರಡನೆಯದು ಎಳೆಯುವಾಗ ತಲೆ ಮೇಜಿಗೆ ಬಿತ್ತು. ಎಚ್ಚರವಾದಾಗ ಮಧ್ಯಾಹ್ನ ಎರಡು ಗಂಟೆ. ಮಾರನೆಯ ದಿನವೂ ಹೀಗೇ ಆಯಿತು. ಅದರ ಮಾರನೆಯ ದಿನ ಮೇಜಿನ ತನಕವೂ ಹೋಗಲಿಲ್ಲ, ಹಾಸಿಗೆಯಿಂದಲೇ ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ. ಎಲ್ಲಿತ್ತೋ ಅಷ್ಟು ನಿದ್ದೆ, ಮಣ್ಣು ಕುಸಿದಂತೆ ಮೈಮೇಲೆ ಬಿತ್ತು.

ಹತ್ತನೆಯ ದಿನ ಊಟಕ್ಕೆ ಬಂದ ಅಂಬರೀಶ ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿ ನೋಡಿದ. ಒಂದೂವರೆ ಬಾಣವಿತ್ತು. ಒಳಗೆ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತ. ಹರಿಣಿ ಕಣ್ಣು ಬಿಟ್ಟಳು.

"ರೀ, ಒಂದು ವರ್ಷ ಸಾಕಾಗುತ್ತೇನ್ರೀ?"

"ಪೇಪರಿಗಾ? ಸಾಕಾಗದೆ ಏನು. ಆರು ವಾರ ಅಂತಿದ್ದೆ."

"ಪೇಪರಿಗಲ್ಲ" ಎಂದಳು. "ನಾನು ಫಾರಮ್ಮಲ್ಲಿ ಬರೆದೆನಲ್ಲ, ಅದಕ್ಕೆ."

ಅಂಬರೀಶ ಫ್ಯಾನಿನ ವೇಗ ಒಂದು ಕಡಿಮೆ ಮಾಡಿ, ಅವಳ ಕಾಲಿನ ಮೇಲೆ ಹೊದಿಕೆ ಎಳೆದು, ತಟ್ಟೆಗೆ ತಾನೇ ಬಡಿಸಿಕೊಳ್ಳಲು ಅಡುಗೆಮನೆಗೆ ಹೋದ.